ಸುರಂಜನ್ ದಾಸ್ ರೋಡ್‌ನಲ್ಲಿ ಎಡಕ್ಕೆ ತಿರುಗಿ

"ಮುನ್ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ, ಸುರಂಜನ್ ದಾಸ್ ರೋಡ್."

ಮ್ಯಾಪ್ಸ್ ಒಳಗಿನ ಆ ಹೆಣ್ಣುದನಿ ನನಗೆ ಆರು ವರ್ಷದಿಂದ ಇದನ್ನೇ ಹೇಳ್ತಾ ಬಂದಿದೆ. ನೀವು ಬೆಂಗಳೂರಿನ ಪೂರ್ವ ಭಾಗದಲ್ಲಿ ಕೆಲಸ ಮಾಡುವವರಾದರೆ ನಿಮಗೂ ಹೇಳಿರುತ್ತದೆ. ಬೈಯಪ್ಪನಹಳ್ಳಿ ಕಡೆಯ ಹಳೇ ಮದ್ರಾಸ್ ರೋಡಿನಿಂದ ಹೊರಟು, ಸಿ.ವಿ. ರಾಮನ್ ನಗರ, ನ್ಯೂ ತಿಪ್ಪಸಂದ್ರಗಳ ಪಕ್ಕ ಹಾದು, ಎಚ್‌ಎಎಲ್ ಹತ್ತಿರ ಹಳೇ ಏರ್‌ಪೋರ್ಟ್ ರೋಡಿಗೆ ಸೇರುವ ರಸ್ತೆ ಅದು. ಸಂಜೆ ಆರೂವರೆಗೆ ಅದರೊಳಗೆ ಸಿಕ್ಕಿಕೊಂಡರೆ ಒಂದು ಪಾಡ್‌ಕಾಸ್ಟ್ ಪೂರ್ತಿ ಕೇಳಿ ಮುಗಿಸಬಹುದು.

ಆ ದಾಸ್ ಯಾರು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಯಾರೋ ಸ್ವಾತಂತ್ರ್ಯ ಹೋರಾಟಗಾರರು ಇರಬೇಕು, ಇಲ್ಲಾ ಯಾರೋ ಲೇಔಟ್ ಮಾಡಿದವರು ಇರಬೇಕು ಅಂದುಕೊಂಡಿದ್ದೆ. ನಾಚಿಕೆ ಯಾಕೆ ಅಂದರೆ, ಉತ್ತರ ನಮ್ಮ ಮನೆಯಲ್ಲೇ ಇತ್ತು. ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು.

ಒಂದು ಸಂಜೆ ಫೋನಿನಲ್ಲಿ "ತಾತ, ಲೇಟ್ ಆಗತ್ತೆ, ಆ ಸುರಂಜನ್‌ದಾಸ್ ಅನ್ನೋ ದರಿದ್ರ ರೋಡಲ್ಲಿ ಸಿಕ್ಕಿಹಾಕ್ಕೊಂಡಿದೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಾತ ಅಂದರು: "ಟ್ರಾಫಿಕ್‌ನ ಬೈಕೋ ಮಗ. ಆ ಹೆಸರನ್ನ ಬೈಬೇಡ. ಅವರು ದಾಸ್ ಸಾಹೇಬ್ರು."

ಮಹಡಿ ಮೇಲಿನ ಅಭಿಮಾನಿಗಳು

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಕಾಲೇಜಿನ ಗೆಳೆಯನೊಬ್ಬನಿಗೆ ವಿಮಾನದ ಹುಚ್ಚು. ಅವನಿಗೆ ಒಂದು ಮೆಸೇಜ್ ಹಾಕಿದೆ, "ಸುರಂಜನ್ ದಾಸ್ ಗೊತ್ತಾ?" ಅಂತ. ಹತ್ತು ಸೆಕೆಂಡಿನಲ್ಲಿ ಫೋನೇ ಬಂತು. "ನೀನು ಈಗ ಕೇಳ್ತಾ ಇದೀಯಾ? ಭಾನುವಾರ ಬಾ."

ಹೋದದ್ದು ವಿಭೂತಿಪುರದ ಒಂದು ಮನೆಯ ಮಹಡಿಗೆ. ಅಲ್ಲಿ ಏಳೆಂಟು ಜನ. ಒಬ್ಬರು ಬ್ಯಾಂಕಿನವರು, ಇಬ್ಬರು ನನ್ನ ಹಾಗೆ ಸಾಫ್ಟ್‌ವೇರ್, ಒಬ್ಬಳು ದಂತವೈದ್ಯೆ, ಒಬ್ಬರು ವಿಮಾನ ಪರೀಕ್ಷೆಯ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಹಿರಿಯರು. ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಕ್ಯಾಮೆರಾ ಮಾತ್ರ ಇಲ್ಲ. ರಕ್ಷಣಾ ವಿಮಾನ ನಿಲ್ದಾಣದ ಪಕ್ಕ ಫೋಟೊ ತೆಗೆಯುವುದು ತಪ್ಪು ಅನ್ನುವುದು ಆ ಮಹಡಿಯ ಮೊದಲ ನಿಯಮ. ಅವರದೆಲ್ಲಾ ಕಿವಿಯ ಕೆಲಸ. ವಾರದ ದಿನಗಳಲ್ಲಿ ಮನೆಯೊಳಗೆ ಕೂತೇ "ಇದು ಧ್ರುವ್ ಹೆಲಿಕಾಪ್ಟರ್", "ಇದು ತೇಜಸ್, ಆಫ್ಟರ್‌ಬರ್ನರ್ ಹಾಕಿದ" ಅಂತ ಹೇಳಬಲ್ಲ ಜನ.

2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ಮೇಲೆ ನಾವು 'ಹಳೇ ಏರ್‌ಪೋರ್ಟ್' ಅಂತ ಕರೆದು ಮರೆತುಬಿಟ್ಟ ಜಾಗ ಇದು. ಅಲ್ಲಿ ಕೆಲಸ ನಿಂತಿಲ್ಲ. ಹೊಸ ವಿಮಾನ, ಹೊಸ ಎಂಜಿನ್, ಹೊಸ ರೇಡಾರ್ ಏನೇ ಬಂದರೂ "ಇದು ಸರಿ ಇದೆಯಾ?" ಅಂತ ಮೊದಲು ಹಾರಿಸಿ ನೋಡುವ ಪೈಲಟ್‌ಗಳು ಇವತ್ತಿಗೂ ಅದೇ ರನ್‌ವೇಯಿಂದ ಏಳುತ್ತಾರೆ. ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆ ಆಸ್ಟೆ ಇರುವುದು ಇಲ್ಲೇ. ಟೆಸ್ಟ್ ಪೈಲಟ್‌ಗಳಿಗೆ ಪಾಠ ಹೇಳುವ ಶಾಲೆಯೂ ಅದರೊಳಗೇ ಇದೆ.

ದಾಸ್ ಅವರ ಕಾಲಕ್ಕೆ ಅಂಥ ಶಾಲೆ ಇಲ್ಲಿರಲಿಲ್ಲ. ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ಗೆ ಹೋಗಿ ಕಲಿಯಬೇಕಿತ್ತು. ಅಲ್ಲಿ ತರಬೇತಿ ಪಡೆದ ಮೊದಲ ಭಾರತೀಯರಲ್ಲಿ ಅವರೊಬ್ಬರು. ತಂದೆ ಸುಧಿ ರಂಜನ್ ದಾಸ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಮಗ ಆರಿಸಿಕೊಂಡದ್ದು ಆಕಾಶ.

ಮೊದಲು ಮರದ್ದು, ಆಮೇಲೆ ಲೋಹದ್ದು

ಕಥೆಗೆ ಇನ್ನೊಬ್ಬರು ಬೇಕು: ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕ್-ವುಲ್ಫ್ 190 ಯುದ್ಧವಿಮಾನ ವಿನ್ಯಾಸ ಮಾಡಿದವರು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿ ಸರ್ಕಾರ ಬಿದ್ದ ಮೇಲೆ 1956ರಲ್ಲಿ ತಮ್ಮ ತಂಡದ ಜೊತೆ ಬೆಂಗಳೂರಿಗೆ ಬಂದರು. ಭಾರತದ್ದೇ ಆದ ಒಂದು ಜೆಟ್ ಯುದ್ಧವಿಮಾನ ಮಾಡಿಕೊಡಬೇಕು ಅನ್ನುವುದು ಕೆಲಸ. ಅದೇ ಎಚ್‌ಎಫ್-24. ಇಟ್ಟ ಹೆಸರು ಮಾರುತ್.

ಆಗಿನ ಎಚ್‌ಎಎಲ್‌ಗೆ ಇಷ್ಟು ದೊಡ್ಡ ಕೆಲಸದ ಅನುಭವ ಇರಲಿಲ್ಲ. ಅದಕ್ಕೆ ಅವರು ಒಂದು ಜಾಣತನ ಮಾಡಿದರು. ಅದೇ ಆಕಾರ, ಅದೇ ಅಳತೆಯಲ್ಲಿ ಮೊದಲು ಮರದ ವಿಮಾನ ಮಾಡಿದರು. ಅದಕ್ಕೆ ಎಂಜಿನ್ ಇಲ್ಲ, ಅದು ಗ್ಲೈಡರ್. 1959ರಲ್ಲಿ ಒಂದು ಡಕೋಟಾ ವಿಮಾನದ ಬಾಲಕ್ಕೆ ಅದನ್ನು ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ, ಆಕಾಶದಲ್ಲಿ ಬಿಟ್ಟುಬಿಡುವುದು. ಒಳಗೆ ಕೂತ ಪೈಲಟ್ ಅದನ್ನು ತೇಲಿಸುತ್ತಾ, ತಿರುಗಿಸುತ್ತಾ, ರೆಕ್ಕೆ ಹೇಗೆ ಮಾತು ಕೇಳುತ್ತದೆ ಅಂತ ನೋಡಿ ಇಳಿಸುವುದು. ಹೀಗೆ 78 ಸಲ.

"ಎಪ್ಪತ್ತೆಂಟು ಸಲ!" ಅಂದೆ ನಾನು.

"ನಿಮ್ಮಲ್ಲಿ ಸ್ಟೇಜಿಂಗ್ ಅಂತೀರಲ್ಲಮ್ಮ, ಹಾಗೆ" ಅಂದರು ಆ ಹಿರಿಯರು. ನಾನು ಸಾಫ್ಟ್‌ವೇರ್ ಟೆಸ್ಟರ್ ಅಂತ ಗೆಳೆಯ ಮೊದಲೇ ಹೇಳಿಬಿಟ್ಟಿದ್ದ.

1961ರ ಜೂನ್ 17, ಶನಿವಾರ. ಎಂಜಿನ್ ಇರುವ ನಿಜವಾದ ಮಾರುತ್ ಬೆಂಗಳೂರಿನ ಆಕಾಶಕ್ಕೆ ಏರಿತು. ಒಳಗಿದ್ದವರು ಸುರಂಜನ್ ದಾಸ್. ಒಂದು ವಾರದ ನಂತರ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಎದುರು ಮತ್ತೆ ಹಾರಿಸಿ ತೋರಿಸಿದರು.

ತಾತ ಆ ಮೊದಲ ಹಾರಾಟ ನೋಡಿದರಾ ಅಂತ ಕೇಳಿದೆ. "ಹ್ಯಾಂಗರ್ ಹೊರಗೆ ಬಂದು ನಿಂತಿದ್ವಿ. ಅದು ಏರಿದಾಗ ಯಾರೂ ಚಪ್ಪಾಳೆ ಹೊಡೀಲಿಲ್ಲ. ಇಳಿದ ಮೇಲೆ ಹೊಡೆದ್ವಿ" ಅಂದರು.

ವಾಪಸ್ ಬಂದು ಹೇಳೋದು

ಟೆಸ್ಟ್ ಪೈಲಟ್ ಅಂದರೆ ಸಿನಿಮಾದಲ್ಲಿ ನೋಡಿದ ಹಾಗೆ ಕಪ್ಪು ಕನ್ನಡಕ, ಲೆದರ್ ಜಾಕೆಟ್, ಸಾವಿಗೆ ಹೆದರದವನು ಅನ್ನುವ ಚಿತ್ರ ನನ್ನ ತಲೆಯಲ್ಲಿತ್ತು. ಮಹಡಿ ಮೇಲಿನವರು ಅದನ್ನು ಒಂದೇ ಮಧ್ಯಾಹ್ನದಲ್ಲಿ ತೆಗೆದುಹಾಕಿದರು.

ಕೆಲಸ ನಿಜಕ್ಕೂ ನಡೆಯುವುದು ಹೀಗೆ. ಮೊದಲು ರನ್‌ವೇ ಮೇಲೆ ನಿಧಾನವಾಗಿ ಓಡಿಸುವುದು. ಆಮೇಲೆ ಜೋರಾಗಿ ಓಡಿಸಿ ಬ್ರೇಕ್ ಹಾಕುವುದು. ಮೊದಲ ಹಾರಾಟದಲ್ಲಿ ಹೆಚ್ಚೇನೂ ಮಾಡುವುದಿಲ್ಲ, ಏರು, ಒಂದು ಸುತ್ತು ಹಾಕು, ಇಳಿ. ಮುಂದಿನದರಲ್ಲಿ ಸ್ವಲ್ಪ ವೇಗ ಜಾಸ್ತಿ. ಅದರ ಮುಂದಿನದರಲ್ಲಿ ಸ್ವಲ್ಪ ಎತ್ತರ ಜಾಸ್ತಿ. ಪ್ರತಿ ಹಾರಾಟಕ್ಕೂ ಒಂದು ಚೀಟಿ: ಇಷ್ಟು ಎತ್ತರ, ಇಷ್ಟು ವೇಗ, ಇಷ್ಟು ತಿರುವು. ಚೀಟಿಯಲ್ಲಿ ಇಲ್ಲದ್ದನ್ನು ಮಾಡುವ ಹಾಗಿಲ್ಲ. ಇವತ್ತು ನೆಲದಲ್ಲಿ ಕೂತ ಎಂಜಿನಿಯರ್‌ಗಳು ವಿಮಾನದ ಒಂದೊಂದು ನಡುಕವನ್ನೂ ಪರದೆಯ ಮೇಲೆ ನೋಡುತ್ತಾರೆ. ಆಗ ಪೈಲಟ್ ತೊಡೆಯ ಮೇಲಿನ ಪ್ಯಾಡಿನಲ್ಲಿ ಪೆನ್ಸಿಲ್‌ನಿಂದ ಗೀಚಿಕೊಂಡದ್ದಕ್ಕೆ ಈಗಿಗಿಂತ ಎಷ್ಟೋ ಹೆಚ್ಚು ಬೆಲೆ.

ವಿಮಾನ ಎಲ್ಲಿ ಒದರುತ್ತದೆ, ಎಷ್ಟು ನಿಧಾನ ಮಾಡಿದರೆ ರೆಕ್ಕೆ ಹಿಡಿತ ಬಿಡುತ್ತದೆ, ಬಿಟ್ಟ ಮೇಲೆ ವಾಪಸ್ ಹಿಡಿತಕ್ಕೆ ಬರುತ್ತದೋ ಇಲ್ಲವೋ, ಇದನ್ನೆಲ್ಲ ಬೇಕಂತಲೇ ಮಾಡಿ ನೋಡಬೇಕು. ನಾಳೆ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಗೊತ್ತಿಲ್ಲದೆ ಅದೇ ಜಾಗಕ್ಕೆ ಹೋದಾಗ ಬದುಕಿ ಬರಲಿ ಅಂತ.

"ಏರೋಪ್ಲೇನ್ ಚೆನ್ನಾಗಿ ಹಾರಿಸೋರು ನೂರಾರು ಜನ ಸಿಗ್ತಾರೆ" ಅಂದರು ಹಿರಿಯರು. "ವಾಪಸ್ ಬಂದು, ಅಲ್ಲಿ ಏನಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳೋರು ಕಮ್ಮಿ. ಎದುರಿಗೆ ಡಿಸೈನರ್ ಕೂತಿರ್ತಾನೆ, ಅವನ ಹತ್ತು ವರ್ಷದ ಕೆಲಸ ಅದು. ಮಂತ್ರಿಗಳು ಡೇಟ್ ಕೊಟ್ಟಿರ್ತಾರೆ. ಎಲ್ಲರಿಗೂ 'ಚೆನ್ನಾಗಿದೆ' ಅಂತ ಕೇಳಿಸ್ಕೋಬೇಕು. 'ಚೆನ್ನಾಗಿಲ್ಲ, ಇಂಥಾ ಕಡೆ ಚೆನ್ನಾಗಿಲ್ಲ' ಅಂತ ಬರೆಯೋನೇ ಟೆಸ್ಟ್ ಪೈಲಟ್."

ಅವರು ಕಾಫಿ ಬಗ್ಗಿಸಿಕೊಂಡರು. ನಾನು ಮೊಬೈಲ್ ನೋಡುವ ಹಾಗೆ ತಲೆ ತಗ್ಗಿಸಿದೆ. ಯಾಕೆ ಅಂತ ಈಗ ಹೇಳ್ತೀನಿ.

ನನ್ನ ಸಹಿ

ಅದಕ್ಕೆ ಎಂಟು ತಿಂಗಳ ಹಿಂದೆ ನಾನು ಒಂದು ಆ್ಯಪ್ ಟೆಸ್ಟ್ ಮಾಡ್ತಿದ್ದೆ. ಹಣ ಕಟ್ಟುವ ಆ್ಯಪ್. ನೆಟ್‌ವರ್ಕ್ ಕೆಟ್ಟದಾಗಿರುವ ಕಡೆ, ಒಂದು ನಿರ್ದಿಷ್ಟ ಹೊತ್ತಿನಲ್ಲಿ ಬಟನ್ ಎರಡು ಸಲ ಒತ್ತಿದರೆ, ದುಡ್ಡು ಎರಡು ಸಲ ಕಟ್ ಆಗ್ತಿತ್ತು. ಇಪ್ಪತ್ತು ಸಲ ಪ್ರಯತ್ನಿಸಿದರೆ ಒಂದು ಸಲ. ನಾನು ಕಂಡುಹಿಡಿದಿದ್ದೆ. ಬರೆದೂ ಇದ್ದೆ. ಶುಕ್ರವಾರ ರಿಲೀಸ್. ಗುರುವಾರ ರಾತ್ರಿ ಮೀಟಿಂಗಿನಲ್ಲಿ "ಇದು ಅಪರೂಪ ಅಲ್ವಾ? ಗೊತ್ತಿರೋ ಸಮಸ್ಯೆ ಅಂತ ಹಾಕಿ ಮುಂದೆ ಹೋಗೋಣ, ಮುಂದಿನ ವರ್ಷನ್‌ನಲ್ಲಿ ನೋಡೋಣ" ಅಂದರು. ಯಾರೂ ಕೂಗಾಡಲಿಲ್ಲ, ಹೆದರಿಸಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು. ನನಗೂ. ಸೈನ್ ಆಫ್ ಮಾಡಿದೆ.

ಎರಡು ವಾರಕ್ಕೆ ದೂರುಗಳು ಬಂದವು. ಹೆಚ್ಚಿನವು ಬರೀ ಬೈಗುಳ. ಒಂದು ಮಾತ್ರ ಬೈಗುಳ ಅಲ್ಲ. ಒಬ್ಬ ಹುಡುಗಿ ಪರೀಕ್ಷೆ ಫೀಸ್ ಕಟ್ಟಲು ಅಮ್ಮನ ಅಕೌಂಟಿನಲ್ಲಿ ಇದ್ದಷ್ಟು ದುಡ್ಡು ಇಟ್ಟಿದ್ದಳು. ಮೊದಲು ಬೇರೇನೋ ಸಣ್ಣ ಬಿಲ್ ಕಟ್ಟಿದಳು, ಅದು ಎರಡು ಸಲ ಕಟ್ ಆಯಿತು, ಫೀಸಿಗೆ ದುಡ್ಡು ಸಾಲದಾಯಿತು. ಏಳು ದಿನಕ್ಕೆ ನಾವು ವಾಪಸ್ ಕೊಟ್ಟೆವು. ಅಷ್ಟರಲ್ಲಿ ಕೊನೇ ತಾರೀಖು ದಾಟಿತ್ತು. "ಮೇಡಂ, ದುಡ್ಡು ಬಂತು, ಥ್ಯಾಂಕ್ಸ್. ಆದರೆ ಈ ವರ್ಷ ಹೋಯ್ತು" ಅಂತ ಬರೆದಿದ್ದಳು.

ಆ 'ಥ್ಯಾಂಕ್ಸ್' ನನ್ನನ್ನು ತುಂಬಾ ದಿನ ನಿದ್ದೆ ಮಾಡಲು ಬಿಡಲಿಲ್ಲ. ಆಫೀಸಿನಲ್ಲಿ ಯಾರೂ ನನ್ನನ್ನು ದೂರಲಿಲ್ಲ, ಅದೇ ದೊಡ್ಡ ತೊಂದರೆ. ನಾನು ಟೆಸ್ಟ್ ಮಾಡಿದ್ದರಲ್ಲಿ ತಪ್ಪು ಉಳಿದರೆ ಪೆಟ್ಟು ತಿನ್ನೋದು ನಾನು ಯಾವತ್ತೂ ನೋಡದ ಯಾರೋ. ದಾಸ್ ಅವರ ಕೆಲಸದಲ್ಲಿ ತಪ್ಪು ಉಳಿದರೆ ಆ ಸೀಟಿನಲ್ಲಿ ಅವರೇ ಕೂತಿರುತ್ತಾರೆ.

ಸಿಗದ ಎಂಜಿನ್

ಮಾರುತ್ ಚಂದದ ವಿಮಾನ. ಇದನ್ನು ಅಭಿಮಾನಿಗಳು ಮಾತ್ರ ಅಲ್ಲ, ವೈರಿಗಳೂ ಒಪ್ಪುತ್ತಾರೆ ಅಂತ ಗೆಳೆಯನ ವಾದ. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ, ಸಣ್ಣ ಸೊಂಟ. ಶಬ್ದಕ್ಕಿಂತ ಬಹಳ ವೇಗವಾಗಿ ಹೋಗಲು ಬೇಕಾದ ಮೈಕಟ್ಟು. ಇಲ್ಲದಿದ್ದದ್ದು ಶಕ್ತಿ.

ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಬ್ರಿಸ್ಟಲ್ ಓರ್ಫಿಯಸ್ 12 ಅನ್ನುವ ಬಲವಾದ ಎಂಜಿನ್ನಿಗೆ. ಅದರ ಅಭಿವೃದ್ಧಿಗೆ ಹಣ ಹಾಕುವವರು ಯಾರು ಅನ್ನುವ ಪ್ರಶ್ನೆ ಬಂತು, ಬ್ರಿಟನ್ ಹಿಂದೆ ಸರಿಯಿತು, ಭಾರತವೂ ಆ ಹಣ ಕೊಡಲಿಲ್ಲ. ಕೊನೆಗೆ ಸಿಕ್ಕಿದ್ದು ಓರ್ಫಿಯಸ್ 703. ಒಂದೊಂದರ ತಳ್ಳುವ ಬಲ ಸುಮಾರು 2,200 ಕೆ.ಜಿ. ಅಂಥವು ಎರಡು.

"ಬುಲೆಟ್ ಬಾಡಿಗೆ ಲೂನಾ ಎಂಜಿನ್" ಅಂದ ಗೆಳೆಯ.

"ಹಾಗನ್ಬೇಡಪ್ಪ" ಅಂತ ಹಿರಿಯರು ತಡೆದರು. "ಅದೇ ಎಂಜಿನ್ ಇಟ್ಕೊಂಡು 71ರಲ್ಲಿ ಯುದ್ಧ ಮಾಡಿ ಬಂದಿದೆ."

ಅದೂ ನಿಜ. 1967ರಲ್ಲಿ ವಾಯುಪಡೆಯ ಸ್ಕ್ವಾಡ್ರನ್‌ಗೆ ಸೇರಿದ ಮಾರುತ್, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆ ದಾಳಿ ಮಾಡಿತು. ಆಕಾಶದ ಕಾಳಗದಲ್ಲಿ ಒಂದೂ ಮಾರುತ್ ಬೀಳಲಿಲ್ಲ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆ ಸೇರುವ ವಿಮಾನ ಅಂತ ಪೈಲಟ್‌ಗಳು ಅದನ್ನು ನಂಬಿದರು.

ಆದರೆ ಇನ್ನೂ ಬಲ ಬೇಕು ಅನ್ನುವ ಹುಡುಕಾಟ ನಿಂತಿರಲಿಲ್ಲ. ಒಂದು ದಾರಿ ಈಜಿಪ್ಟಿಗೆ ಹೋಯಿತು. ಅಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ನನ್ನು ಪರೀಕ್ಷಿಸಲು ಒಂದು ಮಾರುತ್ ಅನ್ನೇ ಕಳಿಸಿದರು. ಭಾರತದ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ 1964ರಲ್ಲಿ ಈಜಿಪ್ಟಿನ ಎಚ್‌ಎ-300 ಯುದ್ಧವಿಮಾನದ ಮೊದಲ ಹಾರಾಟವನ್ನೂ ಮಾಡಿದರು. ಆ ಯೋಜನೆ ಕೈಬಿಟ್ಟುಹೋಯಿತು. ಭಾರ್ಗವ ನಿವೃತ್ತರಾದ ಮೇಲೆ ಆ ದಿನಗಳ ಬಗ್ಗೆ ಬರೆದರು. ಮಹಡಿ ಮೇಲಿನವರು ಅದನ್ನೆಲ್ಲ ಓದಿಕೊಂಡೇ ಬೆಳೆದವರು.

ಇನ್ನೊಂದು ದಾರಿ ಇಲ್ಲೇ ಇತ್ತು. ಇರುವ ಓರ್ಫಿಯಸ್‌ಗೇ ರೀಹೀಟ್ ಜೋಡಿಸುವುದು. ಎಂಜಿನ್ನಿನಿಂದ ಹೊರಬರುವ ಬಿಸಿ ಗಾಳಿಗೆ ಮತ್ತೆ ಇಂಧನ ಚಿಮ್ಮಿಸಿ ಉರಿಸಿದರೆ ಹಿಂದಿನಿಂದ ಜೋರಾಗಿ ನೂಕಿದ ಹಾಗೆ ಬಲ ಬರುತ್ತದೆ. ಆ ಕೆಲಸ ಮಾಡಿದ್ದು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ.

1970ರ ಜನವರಿ 10. ಅದೂ ಶನಿವಾರ. ರೀಹೀಟ್ ಜೋಡಿಸಿದ ಮಾರುತ್ ಎಚ್‌ಎಎಲ್ ರನ್‌ವೇಯಿಂದ ಎದ್ದಿತು. ಅಪಘಾತಕ್ಕೀಡಾಯಿತು. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಐವತ್ತರ ಹತ್ತಿರದ ವಯಸ್ಸು. ಮಾರುತ್ ಅನ್ನು ಮೊದಲು ಹಾರಿಸಿದವರು ಮಾರುತ್ ಒಳಗೇ ಹೋದರು.

ತಾತನನ್ನು ಆ ದಿನದ ಬಗ್ಗೆ ಕೇಳುವುದಕ್ಕೆ ನನಗೆ ಎರಡು ವಾರ ಬೇಕಾಯಿತು. ಕೇಳಿದಾಗ ಅವರು ಜಾಸ್ತಿ ಹೇಳಲಿಲ್ಲ. "ಸೈಕಲ್ ತಳ್ಕೊಂಡು ಮನೆಗೆ ಬಂದೆ. ಹತ್ತಿ ತುಳಿಯೋಕೆ ಆಗಲಿಲ್ಲ. ನಿಮ್ಮಜ್ಜಿ ಊಟಕ್ಕಿಟ್ಲು, ಎದ್ದುಬಿಟ್ಟೆ. ನಾನು ಬಿಗಿ ಮಾಡಿದ ನಟ್ಟೆಲ್ಲಾ ಒಂದೊಂದೇ ನೆನಪು ಮಾಡ್ಕೊಂಡೆ ರಾತ್ರಿಯೆಲ್ಲಾ. ನಾನು ಆ ಏರೋಪ್ಲೇನ್ ಮುಟ್ಟೇ ಇರಲಿಲ್ಲ. ಆದ್ರೂ ನೆನಪು ಮಾಡ್ಕೊಂಡೆ."

ಅಭಿಮಾನ ಯಾಕೆ?

ಒಂದು ಪ್ರಶ್ನೆ ನನ್ನಲ್ಲಿ ಉಳಿದಿತ್ತು. ಒಂದು ಶನಿವಾರ ನಾವೆಲ್ಲ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಿದ್ದಾಗ, ಅಲ್ಲಿ ನಿಂತ ಮಾರುತ್ ಪಕ್ಕ ಅದನ್ನು ಕೇಳಿಯೇಬಿಟ್ಟೆ. "ಎಲ್ಲಾ ಸರಿ. ಆದರೆ ಕೊನೆಗೆ ಆ ಎಂಜಿನ್ ಬರಲೇ ಇಲ್ಲ. 147 ವಿಮಾನ ಮಾಡಿ ನಿಲ್ಲಿಸಿದರು. 1990ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೋದವು. ಹಾಗಾದರೆ ಅವರು ಹೋಗಿದ್ದು ಯಾತಕ್ಕೆ?"

ದಂತವೈದ್ಯೆ ಗೆಳತಿ ಉತ್ತರ ಕೊಟ್ಟಳು: "ಗೆದ್ದ ವಿಮಾನದ ಪೈಲಟ್‌ನ ಎಲ್ಲರೂ ನೆನಪಿಟ್ಕೋತಾರೆ. ಯಾವುದು ಆಗಲ್ಲ ಅಂತ ಕಂಡುಹಿಡಿದವರನ್ನ ಯಾರು ನೆನಪಿಟ್ಕೋಬೇಕು? ಅದಕ್ಕೆ ನಾವಿದೀವಿ."

ಗೆಳೆಯ ಲೆಕ್ಕ ಒಪ್ಪಿಸಿದ: ಮಾರುತ್ ಆದ ಮೇಲೆ ಭಾರತ ಮತ್ತೊಂದು ಸ್ವಂತ ಯುದ್ಧವಿಮಾನ ಹಾರಿಸಿದ್ದು 2001ರ ಜನವರಿ 4ರಂದು. ಅದು ಈಗಿನ ತೇಜಸ್. ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್. ಅದೇ ರನ್‌ವೇ. ನಡುವೆ ನಲವತ್ತು ವರ್ಷ.

ಹಿರಿಯರು ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ಮಾರುತ್‌ನ ರೆಕ್ಕೆ ಕೆಳಗಿನ ನೆರಳಿನಲ್ಲಿ ನಿಂತು ಹೇಳಿದರು: "ಸಾಹಸಕ್ಕೆ ಅಭಿಮಾನ ಅಂದ್ಕೊಂಡಿದ್ದೆ ನಾನೂ ಹುಡುಗನಾಗಿದ್ದಾಗ. ಅವರ ಕೆಲಸ ಹತ್ತಿರದಿಂದ ನೋಡಿದ ಮೇಲೆ ಗೊತ್ತಾಯ್ತು. ಭಯ ಇರತ್ತಮ್ಮ ಅವರಿಗೂ. ಭಯ ಇದ್ದೋನೇ ಚೆಕ್‌ಲಿಸ್ಟ್ ಪೂರ್ತಿ ಓದ್ತಾನೆ."

ಈ ಕೆಲಸ ಈಗ ಸುರಕ್ಷಿತ ಆಗಿಬಿಟ್ಟಿದೆ ಅಂತಲೂ ಅಲ್ಲ. 2009ರ ಮಾರ್ಚ್‌ನಲ್ಲಿ ಬಿಡದಿ ಬಳಿ ಸರಸ್ ವಿಮಾನ ಬಿದ್ದಾಗ ಇಬ್ಬರು ಪೈಲಟ್‌ಗಳು, ಒಬ್ಬ ಪರೀಕ್ಷಾ ಎಂಜಿನಿಯರ್ ಹೋದರು. 2019ರ ಫೆಬ್ರುವರಿ 1ರಂದು ಇದೇ ಎಚ್‌ಎಎಲ್ ರನ್‌ವೇ ತುದಿಯಲ್ಲಿ ಮಿರಾಜ್ ವಿಮಾನ ಬಿದ್ದು ಇಬ್ಬರು ಟೆಸ್ಟ್ ಪೈಲಟ್‌ಗಳು ಹೋದರು. ಆ ದಿನ ನಾನು ಕಾಲೇಜಿನಲ್ಲಿದ್ದೆ. ಸುದ್ದಿಯ ವಿಡಿಯೊ ನೋಡಿ ಫಾರ್ವರ್ಡ್ ಮಾಡಿದ್ದೆ, ಅಷ್ಟೇ.

ಈಗ ಆ ರೋಡಿನಲ್ಲಿ

ಮೊನ್ನೆ ಮತ್ತೆ ಅದೇ ಟ್ರಾಫಿಕ್‌ನಲ್ಲಿ ನಿಂತಿದ್ದೆ. ಎಡಕ್ಕೆ ನೋಡಿದರೆ ಒಂದು ದೊಡ್ಡ ಗೇಟು, ಬೋರ್ಡು: ಜಿಟಿಆರ್‌ಇ. ಆರು ವರ್ಷ ಅದರ ಮುಂದೆ ಹಾರ್ನ್ ಹೊಡೆದುಕೊಂಡು ಹೋಗಿದ್ದೆ. ಓರ್ಫಿಯಸ್‌ಗೆ ರೀಹೀಟ್ ಮಾಡಿದ ಸಂಸ್ಥೆ. ಆಮೇಲೆ ಕಾವೇರಿ ಎಂಜಿನ್ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಸಂಸ್ಥೆ. ನಮ್ಮ ತೇಜಸ್ ಇವತ್ತಿಗೂ ಹಾರುವುದು ಅಮೆರಿಕದ ಜಿಇ ಎಂಜಿನ್ನಿನಲ್ಲೇ. ಎಂಜಿನ್ನಿಗಾಗಿ ನಡೆದ ಹುಡುಕಾಟದಲ್ಲಿ ಪ್ರಾಣ ಬಿಟ್ಟವರ ಹೆಸರಿನ ರಸ್ತೆಯಲ್ಲೇ ಆ ಹುಡುಕಾಟ ಇನ್ನೂ ನಡೀತಾ ಇದೆ.

ನನ್ನ ಕಥೆಗೆ ದೊಡ್ಡ ತಿರುವೇನೂ ಇಲ್ಲ. ಹೋದ ತಿಂಗಳು ಮತ್ತೊಂದು ರಿಲೀಸ್ ಇತ್ತು. ಮತ್ತೊಂದು ಅಪರೂಪದ ತಪ್ಪು ಸಿಕ್ಕಿತು. ಮತ್ತೆ ಗುರುವಾರ ರಾತ್ರಿ, ಮತ್ತೆ ಅದೇ ಸುಸ್ತಾದ ಮುಖಗಳು. ಈ ಸಲ ನಾನು 'ಸಿದ್ಧವಾಗಿಲ್ಲ' ಅಂತ ಬರೆದು, ಯಾಕೆ, ಯಾವಾಗ, ಎಷ್ಟು ಸಲಕ್ಕೆ ಒಂದು ಸಲ, ಯಾರಿಗೆ ಪೆಟ್ಟು ಬೀಳತ್ತೆ ಅಂತ ಒಂದು ಪುಟ ಜೋಡಿಸಿದೆ. ದನಿ ನಡುಗಿತು, ಸುಳ್ಳು ಹೇಳಲ್ಲ. ನಾಲ್ಕು ದಿನ ತಡವಾಯಿತು. ಮ್ಯಾನೇಜರ್ ಎರಡು ದಿನ ಮಾತಾಡಿಸಲಿಲ್ಲ. ಅಪ್ರೈಸಲ್‌ನಲ್ಲಿ ಏನು ಬರತ್ತೋ ನೋಡಬೇಕು.

ತಾತನಿಗೆ ಹೇಳಿದೆ. ಅವರಿಗೆ ಆ್ಯಪ್ ಗೊತ್ತಿಲ್ಲ, ರಿಲೀಸ್ ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಕೇಳಿದರು.

"ಬರೆದು ಕೊಟ್ಯಾ? ಬರೀ ಬಾಯಲ್ಲಿ ಹೇಳಿದ್ಯಾ?"

"ಬರೆದು ಕೊಟ್ಟೆ ತಾತ."

"ಹ್ಞೂಂ. ಹಾಗಾದ್ರೆ ಸರಿ. ಊಟ ಆಯ್ತಾ?"

*ಮಾರುತ್ ನೋಡಬೇಕು ಅನ್ನಿಸಿದರೆ ಬೆಂಗಳೂರಿನಲ್ಲಿ ಎರಡು ಕಡೆ ಹೋಗಬಹುದು: ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ನೀವು ದಿನಾ ಓಡಾಡುವ ರಸ್ತೆಯ ಹೆಸರಿನ ಹಿಂದೆಯೂ ಇಂಥ ಕಥೆ ಇದ್ದರೆ, ಮನೆಯ ಹಿರಿಯರನ್ನು ಕೇಳಿ ನಮ್ಮ ಓದುಗರ ಅಂಕಣಕ್ಕೆ ಬರೆಯಿರಿ.*